ಐದರಿಂದ ಗುಣಿಸಿ, ಸಾಲ ಪಡೆಯಿರಿ

ಬಿ.ಕಾಂ. ಮುಗಿಸಿ ಬಳ್ಳಾರಿಯಲ್ಲೇ ಜೂನಿಯರ್ ಕ್ರೆಡಿಟ್ ಅನಲಿಸ್ಟ್ ಆಗಿ ಸೇರಿದೆ. ಅದೇನು ಕೆಲಸ ಅಂತ ಅಮ್ಮನಿಗೆ ಬಿಡಿಸಿ ಹೇಳುವಷ್ಟರಲ್ಲಿ 'ನಮ್ಮ ಹುಡುಗ ಸಾಲ ಕೊಡೋ ಸಾಹೇಬ ಆಗ್ಯಾನೆ' ಅಂತ ಓಣಿಗೆಲ್ಲ ಸುದ್ದಿ ಹಬ್ಬಿತ್ತು. ಮರುದಿನ ಒಗ್ಗರಣೆ-ಮಿರ್ಚಿ ತಿನ್ನಲು ಹೋದರೆ ದುಡ್ಡು ತಗೊಳ್ಳಲಿಲ್ಲ.

ನಿಜವಾಗಿ ನಾನು ಕೊಡುವವನಲ್ಲ. ಯಾಕೆ ಕೊಡಬಾರದು ಅಂತ ಕಾರಣ ಹುಡುಕುವವನು.

ಮೊದಲ ಫೈಲು ಕೌಲ್ ಬಜಾರಿನ ಜೀನ್ಸ್ ಹೊಲಿಯುವ ಕಾಕಾ ಅವರದು. ಎರಡು ಮಿಷಿನ್. ದಿನಕ್ಕೆ ಹತ್ತು ಪ್ಯಾಂಟು. ವರ್ಷದ ವಹಿವಾಟು 12 ಲಕ್ಷ ಅಂತ ಬರೆದಿದ್ದರು. ಕೇಳಿದ ಸಾಲ 10 ಲಕ್ಷ. ಫೈಲಿನಲ್ಲಿ ಒಂದೂ ಸುಳ್ಳಿರಲಿಲ್ಲ. ತೊಂದರೆ ಶುರುವಾಗಿದ್ದೇ ಅಲ್ಲಿ.

ಸಿಬಿಲ್ ತೆಗೆದೆ. ಹಳೆಯ ಸಾಲ ಹೇಗೆ ತೀರಿಸಿದ್ದಾರೆ ಅಂತ ನೋಡಿ ಕೊಡುವ ಅಂಕ ಅದು. ಸ್ಕೋರು 300ರಿಂದ 900ರವರೆಗೆ ಇರುತ್ತದೆ, ಅಲ್ವಾ? ಕಂತು ತಪ್ಪಿಸಿ ಓಡಾಡುವವನಿಗೂ 300 ಗ್ಯಾರಂಟಿ. ಕಾಕಾ ಅವರದು ಮೈನಸ್ ಒಂದು! ಸಾಲದ ಇತಿಹಾಸವೇ ಇಲ್ಲ ಅಂತ ಅರ್ಥ. 'ಜೀವನದಾಗ ಯಾವ ಬ್ಯಾಂಕಿನ ಸಾಲಾನೂ ಮಾಡಿಲ್ಲ ತಮ್ಮಾ' ಅಂತ ಅವರು ಎದೆ ಉಬ್ಬಿಸಿದರು. ಸೊನ್ನೆಗಿಂತ ಕೆಳಗಿದ್ದೀರಿ ಅಂತ ಹೇಳಲು ಬಾಯಿ ಬರಲಿಲ್ಲ.

ಮ್ಯಾನೇಜರ್ ತಲೆ ಎತ್ತದೆ ಹೇಳಿದರು: 'ಅದು ನಡೆಯುತ್ತೆ. ವಹಿವಾಟು ಸಾಲದು. ಆಡಿಟರ್ ಹತ್ರ ಕಳಿಸು.'

ಇಲ್ಲಿ ರಿಸರ್ವ್ ಬ್ಯಾಂಕಿನ ನಾಯಕ್ ಸಮಿತಿಯನ್ನು ನೆನೆಯಬೇಕು. 1990ರ ದಶಕದ ಅವರ ಲೆಕ್ಕದ ಪ್ರಕಾರ, ಸಣ್ಣ ಉದ್ಯಮಕ್ಕೆ ವಹಿವಾಟಿನ ಶೇ. 20ರಷ್ಟು ದುಡಿಯುವ ಬಂಡವಾಳ, ಅಂದರೆ ದಿನನಿತ್ಯದ ವ್ಯವಹಾರ ನಡೆಸುವ ದುಡ್ಡು, ಬ್ಯಾಂಕು ಕೊಡಬೇಕು. 12 ಲಕ್ಷಕ್ಕೆ 2 ಲಕ್ಷ 40 ಸಾವಿರ. ಆದರೆ ಅದು ಆಗಿಹೋದ ವಹಿವಾಟಲ್ಲ, ಮುಂದೆ ಆಗಲಿರುವ ವಹಿವಾಟು. ಈ 'ಮುಂದೆ' ಅನ್ನುವ ಒಂದು ಪದದ ಮೇಲೆ ಎಷ್ಟು ಆಡಿಟರ್ ಆಫೀಸುಗಳ ಬಾಡಿಗೆ ನಡೆಯುತ್ತಿದೆಯೋ!

ಅಲ್ಲಿ ಕೇಳುವುದು ಒಂದೇ ಪ್ರಶ್ನೆ. ಎಷ್ಟು ಬೇಕು? ಹತ್ತು ಅಂದರೆ ಐದರಿಂದ ಗುಣಿಸುತ್ತಾರೆ. ವಹಿವಾಟು 50 ಲಕ್ಷ ಆಯಿತು. ಕರೆಂಟ್ ರೇಶಿಯೋ, ಅಂದರೆ ವರ್ಷದೊಳಗೆ ತೀರಿಸಬೇಕಾದ ಪ್ರತಿ ರೂಪಾಯಿಗೆ ವರ್ಷದೊಳಗೆ ಕೈಗೆ ಬರುವ ಆಸ್ತಿ ಎಷ್ಟು ಅನ್ನುವ ಲೆಕ್ಕ, 1.33. ಬ್ಯಾಂಕಿನವರು ನೋಡಲು ಬಯಸುವ ಅಂಕಿ ಅದೇ. ನನ್ನ ಟೇಬಲ್ಲಿಗೆ ಬಂದ ಅಕ್ಕಿ ಗಿರಣಿಗೂ 1.33, ಬಟ್ಟೆ ಅಂಗಡಿಗೂ 1.33. ಮಾತಾಡಿಕೊಂಡು ಬಂದವರ ಹಾಗೆ. ಆಮೇಲೆ ವರ್ಷ ವರ್ಷ ಶೇ. 15 ಏರಿಕೆ. ಆ ಹಾಳೆಯಲ್ಲಿ ಬಳ್ಳಾರಿಯ ಬೇಸಿಗೆ ಇಲ್ಲ. ಕರೆಂಟು ಹೋಗುವುದಿಲ್ಲ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟೇ ಕೊಚ್ಚಿಹೋಯಿತು. ಗಂಗಾವತಿಯ ಗಿರಣಿಯೊಂದರ ಫೈಲಿನಲ್ಲಿ ಆ ವರ್ಷವೂ ಶೇ. 15 ಅಲುಗಾಡಿರಲಿಲ್ಲ.

ಇನ್ನು ಫೀಲ್ಡ್ ವಿಸಿಟ್. ಅಂಗಡಿ ಬೋರ್ಡಿನ ಮುಂದೆ ಕಾಕಾ ಜೊತೆ ಫೋಟೊ ತೆಗೆಸಿಕೊಂಡೆ. ಮಿಷಿನ್ ಎಣಿಸಿದೆ. ಎರಡೇ. ಒಂದು ಪ್ಯಾಂಟಿಗೆ 400 ರೂಪಾಯಿ ಹಿಡಿದರೆ 50 ಲಕ್ಷಕ್ಕೆ ಹನ್ನೆರಡೂವರೆ ಸಾವಿರ ಪ್ಯಾಂಟು ಹೊಲಿಯಬೇಕು. ಅದನ್ನು ಬರೆಯಲು ಫಾರ್ಮಿನಲ್ಲಿ ಕಾಲಂ ಇರಲಿಲ್ಲ. 'ವ್ಯವಹಾರ ನಡೆಯುತ್ತಿದೆಯೇ?' ಅಂತ ಇತ್ತು. ಹೌದು ಅಂತ ಟಿಕ್ ಹಾಕಿದೆ.

ಸಹಿ ಹಾಕಲು ಬಂದ ಕಾಕಾ ಕನ್ನಡಕ ಏರಿಸಿ ಹಾಳೆ ಹಾಳೆ ತಿರುವಿದರು. ಒಂದು ಅಂಕಿಯ ಮೇಲೆ ಬೆರಳಿಟ್ಟು, ದನಿ ತಗ್ಗಿಸಿ ಕೇಳಿದರು:

'ತಮ್ಮಾ, ಈ ಸಾವ್ಕಾರ ಯಾರು? ನಮ್ಮ ಓಣ್ಯಾಗೇ ಅದಾನಂದ್ರೆ ನಾ ಅವನ ಹತ್ರಾನೇ ಸಾಲ ಕೇಳ್ತಿದ್ನಲ್ಲೋ!'