ರಜೆಗೆ ಮುನ್ನ ಸಕಲ ಚಟುವಟಿಕೆಗಳನ್ನು ಪೂರ್ಣಗೊಳಿಸತಕ್ಕದ್ದು

ಸರಕಾರಿ ಪ್ರೌಢಶಾಲೆಯ ವರ್ಷದಲ್ಲಿ ದಸರಾ ರಜೆಗೆ ಮುಂಚಿನ ಎರಡು ವಾರಗಳಷ್ಟು ಚುರುಕಾದ ಕಾಲ ಮತ್ತೊಂದಿಲ್ಲ. ಜೂನ್ ತಿಂಗಳಲ್ಲಿ ರಚನೆಯಾಗಿ, ಪದಾಧಿಕಾರಿಗಳ ಹೆಸರುಗಳನ್ನು ಗೋಡೆಯ ಮೇಲೆ ಬರೆಯಿಸಿಕೊಂಡು, ಅನಂತರ ಯಾರಿಗೂ ತೊಂದರೆ ಕೊಡದೆ ಮಲಗಿದ್ದ ಇಕೋ ಕ್ಲಬ್, ವಿಜ್ಞಾನ ಸಂಘ, ಮತದಾರರ ಸಾಕ್ಷರತಾ ಸಂಘ, ಸಾಂಸ್ಕೃತಿಕ ಸಂಘಗಳೆಲ್ಲವೂ ಸೆಪ್ಟೆಂಬರಿನ ನಡುಭಾಗದಲ್ಲಿ ಒಮ್ಮೆಲೇ ಕಣ್ಣು ಬಿಡುತ್ತವೆ. ಅವುಗಳನ್ನು ಎಬ್ಬಿಸುವವರು ವಿದ್ಯಾರ್ಥಿಗಳಲ್ಲ, ಶಿಕ್ಷಕರೂ ಅಲ್ಲ. ಸಕಲ ಚಟುವಟಿಕೆಗಳನ್ನು ರಜೆಗೆ ಮುನ್ನ ಪೂರ್ಣಗೊಳಿಸಿ ವರದಿ ಸಲ್ಲಿಸತಕ್ಕದ್ದು ಎಂದು ವಾಟ್ಸ್‌ಆ್ಯಪ್ ಗುಂಪಿಗೆ ಬಂದು ಬೀಳುವ ಒಂದು ಸಾಲಿನ ಸಂದೇಶ. ಸಂದೇಶ ತಲುಪುವುದು ಸಂಜೆ ನಾಲ್ಕು ಗಂಟೆಗೆ, ವರದಿ ಕೇಳಿರುವುದು ಅದೇ ದಿನ ಮಧ್ಯಾಹ್ನ ಮೂರು ಗಂಟೆಯೊಳಗೆ. ಇಂತಹ ಆದೇಶವನ್ನು ಪಾಲಿಸುವುದು ಅಸಾಧ್ಯವೆಂದು ಹೊರಗಿನವರಿಗೆ ತೋರಬಹುದು, ಆದರೆ ಗದಗ ಜಿಲ್ಲೆಯ ನಾನು ಬಲ್ಲ ಒಂದು ಪ್ರೌಢಶಾಲೆಯಲ್ಲಿ ಅದನ್ನು ಇದುವರೆಗೆ ಒಮ್ಮೆಯೂ ತಪ್ಪಿಸಿಲ್ಲ.

ಅಲ್ಲಿಯ ಪದ್ಧತಿ ಅನುಕರಣೀಯವಾಗಿದೆ. ಶಾಲೆಯ ಹೆಸರು, ಊರು, ತಾಲೂಕುಗಳನ್ನು ಮುದ್ರಿಸಿದ ಒಂದೇ ಫ್ಲೆಕ್ಸ್ ಇದೆ. ನಡುವೆ ಬಿಳಿಯ ಖಾಲಿ ಜಾಗ. ಆ ದಿನದ ಆಚರಣೆಯ ಹೆಸರನ್ನು ಡ್ರಾಯಿಂಗ್ ಹಾಳೆಯ ಮೇಲೆ ಬರೆದು ಅಲ್ಲಿ ಅಂಟಿಸಿದರೆ ಕಾರ್ಯಕ್ರಮ ಸಿದ್ಧವಾಯಿತು. ಮುಂದಿನ ಸಾಲಿನಲ್ಲಿ ಸಮವಸ್ತ್ರ ನೆಟ್ಟಗಿರುವ ಹನ್ನೆರಡು ಮಕ್ಕಳು, ಹಿಂದೆ ಶಿಕ್ಷಕರು. ಮೊದಲು ಪರಿಸರ ಸಂರಕ್ಷಣೆ, ಹಾಳೆ ಬದಲಿಸಿದ ಮೇಲೆ ತಂಬಾಕು ವಿರೋಧಿ ಪ್ರತಿಜ್ಞೆ, ಮತ್ತೊಮ್ಮೆ ಬದಲಿಸಿದ ಮೇಲೆ ಮತದಾರರ ಜಾಗೃತಿ. ಎಲ್ಲವೂ ಬಿಸಿಯೂಟದ ಗಂಟೆ ಬಾರಿಸುವುದರೊಳಗೆ ಮುಗಿದು, ಮಕ್ಕಳು ಪರಿಸರವಾದಿಗಳೂ ವ್ಯಸನಮುಕ್ತರೂ ಜಾಗೃತ ಮತದಾರರೂ ಆಗಿ ತಾಟು ಹಿಡಿದು ಸಾಲಿನಲ್ಲಿ ನಿಂತಿರುತ್ತಾರೆ. ಅವರಿಗೆ ಮತದಾನದ ವಯಸ್ಸಾಗಲು ಇನ್ನೂ ನಾಲ್ಕು ವರ್ಷ ಬೇಕೆಂಬುದು ಸಣ್ಣ ವಿಷಯ.

ಫೋಟೋಗಳು ಸುಳ್ಳು ಹೇಳದಿರಲೆಂದು ಇತ್ತೀಚೆಗೆ ಜಿಪಿಎಸ್ ಕ್ಯಾಮೆರಾದಲ್ಲಿಯೇ ತೆಗೆಯಬೇಕೆಂದು ಕೇಳುತ್ತಾರೆ. ಪ್ರತಿ ಚಿತ್ರದ ಕೆಳಗೆ ಹೆಚ್ಚುಕಡಿಮೆ 15.4 ಡಿಗ್ರಿ ಉತ್ತರ ಅಕ್ಷಾಂಶ, 75.6 ಡಿಗ್ರಿ ಪೂರ್ವ ರೇಖಾಂಶವೆಂದು ತಾನಾಗಿಯೇ ಮೂಡುತ್ತದೆ, ಜೊತೆಗೆ ಗಂಟೆ ನಿಮಿಷವೂ. ಮೂರು ಮಹತ್ವದ ಕಾರ್ಯಕ್ರಮಗಳ ನಡುವೆ ಏಳೇಳು ನಿಮಿಷಗಳ ಅಂತರವಿರುವುದು ಚಿತ್ರದ ಮೇಲೆಯೇ ಅಚ್ಚಾಗಿರುತ್ತದೆಯಾದರೂ, ಚಿತ್ರ ಬಂತೇ ಇಲ್ಲವೇ ಎಂದು ಎಣಿಸುವವರು ಅದನ್ನು ನೋಡುವುದಿಲ್ಲ. ಹೀಗಾಗಿ ಶಾಲೆಯು ಭೂಮಂಡಲದ ಮೇಲೆ ಎಲ್ಲಿದೆಯೆಂಬುದು ಮೇಲಿನ ಕಚೇರಿಗೆ ಈಗ ನಿಖರವಾಗಿ ಗೊತ್ತಿದೆ; ಅಲ್ಲಿ ಗಣಿತದ ಶಿಕ್ಷಕರಿಲ್ಲವೆಂಬುದು ಮಾತ್ರ ಯಾವ ಉಪಗ್ರಹಕ್ಕೂ ಕಾಣಿಸಿಲ್ಲ.

ಮಕ್ಕಳು ನಮಗಿಂತ ಬೇಗ ಕಲಿಯುತ್ತಾರೆ. ಗಾಂಧಿ ಜಯಂತಿಯವರೆಗೆ ನಡೆಯುವ ಸ್ವಚ್ಛತಾ ಅಭಿಯಾನದ ಅಂಗವಾಗಿ, ಮೊದಲೇ ಗುಡಿಸಿದ್ದ ಅಂಗಳದಲ್ಲಿ ಎಂಟನೆಯ ತರಗತಿಯ ಹುಡುಗಿಯೊಬ್ಬಳನ್ನು ಬಾಗಿ ನಿಲ್ಲಿಸಲಾಗಿತ್ತು. ಕ್ಯಾಮೆರಾ ಕ್ಲಿಕ್ ಎಂದ ಕೂಡಲೇ ಆಕೆ ತಲೆಯೆತ್ತಿ, "ಸರ್, ಫೋಟೋ ಆತಲ್ರೀ, ಕಸಬರಿಗಿ ಒಳಗ ಇಡ್ಲೇನ್ರಿ?" ಎಂದು ವಿನಯದಿಂದ ಕೇಳಿದಳು. ಮೇಲಿನ ಹಂತದ ಎಷ್ಟೋ ತರಬೇತಿಗಳಲ್ಲಿ ಸ್ಪಷ್ಟವಾಗದ ವಿಚಾರ ಆಕೆಗೆ ಅಷ್ಟು ಸಲೀಸಾಗಿ ತಿಳಿದುಹೋಗಿದೆ.

ಈ ಎಲ್ಲ ಚಟುವಟಿಕೆಗಳ ಮುಕುಟಮಣಿಯೆಂದರೆ ಕ್ಲಸ್ಟರ್ ಮಟ್ಟದ ಪ್ರತಿಭಾ ಕಾರಂಜಿ. ಈ ಸಲ ಅದು ಇದೇ ಪ್ರೌಢಶಾಲೆಯ ಅಂಗಳದಲ್ಲಿ ನಡೆಯಿತು. ಸುತ್ತಲಿನ ಹಳ್ಳಿಗಳ ಪ್ರಾಥಮಿಕ ಶಾಲೆಗಳ ಮಕ್ಕಳೂ ಟ್ರ್ಯಾಕ್ಸ್‌ಗಳಲ್ಲಿ ತುಂಬಿಕೊಂಡು ಬಂದಿದ್ದರು. ಹತ್ತು ಗಂಟೆಗೆಂದು ಅಚ್ಚಾಗಿದ್ದ ಉದ್ಘಾಟನೆ ಹನ್ನೆರಡು ದಾಟಿದ ಮೇಲೆ ಆರಂಭವಾಯಿತು, ಏಕೆಂದರೆ ಉದ್ಘಾಟಕರಿಗೆ ಅದೇ ಬೆಳಿಗ್ಗೆ ಬೇರೆರಡು ಊರುಗಳಲ್ಲಿ ಗುದ್ದಲಿಪೂಜೆಗಳಿದ್ದವು. ಛದ್ಮವೇಷಕ್ಕಾಗಿ ನಸುಕಿನಲ್ಲಿಯೇ ಬಣ್ಣ ಹಚ್ಚಿಸಿಕೊಂಡು ಬಂದಿದ್ದ ಮೂವರು ಕಿತ್ತೂರು ಚೆನ್ನಮ್ಮರೂ ಇಬ್ಬರು ಸಂಗೊಳ್ಳಿ ರಾಯಣ್ಣರೂ ಅಷ್ಟು ಹೊತ್ತಿಗೆ ಬಿಸಿಲಿಗೆ ಸೋತಿದ್ದರು. ಬ್ರಿಟಿಷರಿಗೆ ಮಣಿಯದ ರಾಯಣ್ಣನೊಬ್ಬ ಸ್ವಾಗತ ಭಾಷಣದ ಅರ್ಧದಲ್ಲಿ ಮಣಿದು, ಅಂಟಿಸಿದ್ದ ಮೀಸೆಯನ್ನು ಕೈಯಲ್ಲಿ ಹಿಡಿದುಕೊಂಡು ಅವ್ವನ ತೊಡೆಯ ಮೇಲೆ ಮಲಗಿದ್ದ.

ವೇದಿಕೆಯ ಮೇಲೆ ಎರಡು ಸಾಲು ಕುರ್ಚಿಗಳಿದ್ದವು. ಒಬ್ಬೊಬ್ಬ ಗಣ್ಯರ ಹೆಸರು ಕರೆದು, ಶಾಲು ಹೊದಿಸಿ, ಪುಸ್ತಕ ಕೊಟ್ಟು, ಕರೆಯಲು ಮರೆತವರ ಮುಖ ಬಾಡಿದ್ದನ್ನು ಕಂಡು ಮತ್ತೊಮ್ಮೆ ಆರಂಭಿಸಿ, ಅಂತೂ ಸನ್ಮಾನ ಮುಗಿಯಿತು. ನಾಡಗೀತೆಯನ್ನು ಎರಡೂವರೆ ನಿಮಿಷಗಳಲ್ಲಿ ಹಾಡಿ ಮುಗಿಸಬೇಕೆಂದು ಸರಕಾರವು 2022ರಲ್ಲಿ ಆದೇಶ ಮಾಡಿದೆ, ಮತ್ತು ಮಕ್ಕಳು ಅದನ್ನು ಎರಡೂವರೆ ನಿಮಿಷಕ್ಕೆ ಸರಿಯಾಗಿ ಮುಗಿಸಿದರು. ನಾಡಿನ ಗೀತೆಗೇ ಗಡಿಯಾರ ಕಟ್ಟಿದ ಸರಕಾರವು ಅತಿಥಿಗಳ ಹಿತನುಡಿಗೆ ಏಕೆ ಕಟ್ಟಲಿಲ್ಲವೆಂದು ಕೇಳುವಂತಿಲ್ಲ. ಅತಿಥಿಗಳಲ್ಲಿ ಬಹುತೇಕರು ಸರಕಾರವೇ ಆಗಿರುತ್ತಾರೆ. ಮಕ್ಕಳಲ್ಲಿ ಅಡಗಿರುವ ಪ್ರತಿಭೆಯನ್ನು ಹೊರಗೆ ತರಲು ಇದೊಂದು ಸುವರ್ಣಾವಕಾಶವೆಂದು ಮೊದಲ ಅತಿಥಿ ಹೇಳಿದರು. ಎರಡನೆಯವರು ಅದನ್ನೇ ಒಪ್ಪಿ ವಿವರಿಸಿದರು. ಉಳಿದವರು ಸಮಯದ ಅಭಾವದಿಂದಾಗಿ ಚುಟುಕಾಗಿ ಮಾತನಾಡುವುದಾಗಿ ಹೇಳಿ, ಆ ಅಭಾವವನ್ನು ಇನ್ನಷ್ಟು ತೀವ್ರಗೊಳಿಸಿದರು.

ಗಣ್ಯರು ಇಳಿದ ಕೂಡಲೇ ಪೆಂಡಾಲಿನ ಮುಂದಿನ ಸಾಲುಗಳೂ ಅವರ ಹಿಂದೆ ಎದ್ದುಹೋದವು, ಮತ್ತು ಪ್ರತಿಭೆಯ ಪಾಲಿಗೆ ಮಧ್ಯಾಹ್ನದ ನಂತರದ ಎರಡು ತಾಸು ಉಳಿಯಿತು. ಕಂಠಪಾಠ, ಗಝಲ್, ಖವ್ವಾಲಿ, ಮಿಮಿಕ್ರಿ, ಭರತನಾಟ್ಯ, ರಂಗೋಲಿಗಳನ್ನು ಬೇರೆ ಬೇರೆ ಕೋಣೆಗಳಿಗೆ ಹಂಚಿ ಏಕಕಾಲಕ್ಕೆ ನಡೆಸಿದ್ದರಿಂದ, ಎರಡರಲ್ಲಿ ಹೆಸರು ಕೊಟ್ಟಿದ್ದ ಮಕ್ಕಳು ಗೆಜ್ಜೆ ಕಟ್ಟಿಕೊಂಡೇ ರಂಗೋಲಿಯ ಕೋಣೆಗೆ ಓಡುತ್ತಿದ್ದರು. ಭರತನಾಟ್ಯಕ್ಕೆ ಸ್ಪರ್ಧಿ ಒಬ್ಬಳೇ ಇದ್ದುದರಿಂದ ಆಕೆ ಕುಣಿಯುವ ಮೊದಲೇ ಪ್ರಥಮ ಸ್ಥಾನ ಪಡೆದಿದ್ದಳು. ಆಶುಭಾಷಣದಲ್ಲಿ ಹತ್ತನೆಯ ತರಗತಿಯ ಹುಡುಗನೊಬ್ಬನಿಗೆ ಚೀಟಿಯಲ್ಲಿ ಬಂದ ವಿಷಯ ಸಮಯಪಾಲನೆ. ಅವನಿಗಿದ್ದ ಸಮಯವನ್ನು ಬೆಳಿಗ್ಗೆಯೇ ಬೇರೆಯವರು ಬಳಸಿದ್ದರಿಂದ, ಪೀಠಿಕೆ ಮುಗಿಯುವುದರೊಳಗೆ ಗಂಟೆ ಬಾರಿಸಿತು.

ಲಘುಸಂಗೀತದ ಕೋಣೆಯ ಬಗ್ಗೆ ಎರಡು ಮಾತು ಹೆಚ್ಚು ಬರೆಯಬೇಕು. ವೀರೇಶ್ವರ ಪುಣ್ಯಾಶ್ರಮ ಇರುವ ಜಿಲ್ಲೆ ಇದು. ಪುಟ್ಟರಾಜ ಗವಾಯಿಗಳು ಕಣ್ಣು ಕಾಣದ ಮಕ್ಕಳನ್ನು ಕೂರಿಸಿಕೊಂಡು ಸ್ವರ ತಿದ್ದಿದ ಊರು ಗದಗ. ಭೀಮಸೇನ ಜೋಶಿಯವರು ಬೆಳೆದ ನೆಲ. ಅಂತಹ ಜಿಲ್ಲೆಯ ಸ್ಪರ್ಧೆಗೆ ತಕ್ಕ ನಿರ್ಣಾಯಕರು ಬೇಕಲ್ಲವೇ? ಶಾಲೆಯಲ್ಲಿ ಸಂಗೀತ ಶಿಕ್ಷಕರ ಹುದ್ದೆಯೇ ಇಲ್ಲದ್ದರಿಂದ ಆ ಹೊಣೆ ದೈಹಿಕ ಶಿಕ್ಷಕರ ಪಾಲಿಗೆ ಬಂತು. ವರ್ಷಗಟ್ಟಲೆ ಸೀಟಿ ಊದಿದವರಿಗೆ ಶ್ರುತಿಜ್ಞಾನ ಇದ್ದೇ ಇರುತ್ತದೆಂದು ಆಯ್ಕೆ ಮಾಡಿದವರು ಭಾವಿಸಿರಬೇಕು. ಅವರು ಪ್ರಾಮಾಣಿಕರು, ಯಾರು ಹೆಚ್ಚು ಹೊತ್ತು ಉಸಿರು ಹಿಡಿದರೋ ಅವರಿಗೆ ಪ್ರಥಮ ಸ್ಥಾನ ಕೊಟ್ಟರು.

ಕರ್ನಾಟಕ ಏಕೀಕರಣದ ಹೋರಾಟದ ದಿನಗಳಲ್ಲಿ ಧಾರವಾಡ ಸೀಮೆಯ ಶಾಲೆಗಳಲ್ಲಿ ನವರಾತ್ರಿಯ ಹೊತ್ತಿಗೆ ನಾಡಹಬ್ಬ ನಡೆಯುತ್ತಿತ್ತು. ಅದಕ್ಕೆ ಅಕ್ಷಾಂಶ ರೇಖಾಂಶಗಳ ದಾಖಲೆ ಇಲ್ಲದಿರುವುದರಿಂದ, ಇಂದಿನ ನಿಯಮದ ಪ್ರಕಾರ ಅದು ನಡೆದೇ ಇಲ್ಲವೆನ್ನಬೇಕಾಗುತ್ತದೆ.

ಇಷ್ಟರ ನಡುವೆ ಮೊದಲ ಸಂಕಲನಾತ್ಮಕ ಮೌಲ್ಯಮಾಪನವೂ ಮುಗಿಯಬೇಕು, ಉತ್ತರಪತ್ರಿಕೆಗಳನ್ನು ತಿದ್ದಿ ಅಂಕಗಳನ್ನು ಎಸ್‌ಎಟಿಎಸ್ ತಂತ್ರಾಂಶಕ್ಕೆ ಏರಿಸಬೇಕು. ಅದು ರಾತ್ರಿ ಹನ್ನೊಂದರ ನಂತರ ಸರ್ವರ್ ಬಿಡುವಾದಾಗ ನಡೆಯುತ್ತದೆ.

ಇನ್ನು ರಜೆ. ಈ ರಾಜ್ಯದಲ್ಲಿ ಶಾಲೆಯ ರಜೆಗೆ ಗೌರವದ ಸ್ಥಾನ ದೊರೆತದ್ದು 2025ರಲ್ಲಿ. ಆ ವರ್ಷ ಸೆಪ್ಟೆಂಬರ್ 22ರಂದು ಆರಂಭವಾದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರನ್ನೇ ಗಣತಿದಾರರನ್ನಾಗಿ ನೇಮಿಸಲಾಗಿತ್ತು. ಅಕ್ಟೋಬರ್ 7ಕ್ಕೆ ದಸರಾ ರಜೆ ತೀರಿತು, ಗಣತಿ ತೀರಲಿಲ್ಲ. ಆದ್ದರಿಂದ ಸರಕಾರಿ ಮತ್ತು ಅನುದಾನಿತ ಶಾಲೆಗಳ ರಜೆಯನ್ನು ಅಕ್ಟೋಬರ್ 18ರವರೆಗೆ ಮುಂದುವರಿಸಲಾಯಿತು. ಕೆಲಸ ಮುಗಿದಿಲ್ಲವೆಂದು ರಜೆ ಕೊಟ್ಟ ಉದಾಹರಣೆ ಬೇರೆ ಯಾವ ಇಲಾಖೆಯಲ್ಲಿಯೂ ಸಿಗಲಾರದು. ಅಂತಹ ಸಮೀಕ್ಷೆ ಇಲ್ಲದ ವರ್ಷಗಳಲ್ಲಿಯೂ ರಜೆಯು ವ್ಯರ್ಥವಾಗುವ ಭಯವಿಲ್ಲ: ಗಾಂಧಿ ಜಯಂತಿಗೆ ಬರಬೇಕು, ವಾಲ್ಮೀಕಿ ಜಯಂತಿಗೆ ಬರಬೇಕು, ಶತಪ್ರತಿಶತ ಫಲಿತಾಂಶದ ಗುರಿಗಾಗಿ ಹತ್ತನೆಯ ತರಗತಿಯವರು ವಿಶೇಷ ತರಗತಿಗೆ ಬರಬೇಕು.

ಎಂಟು, ಒಂಬತ್ತನೆಯ ತರಗತಿಯವರಿಗೆ ಮಾತ್ರ ನಿಜವಾದ ರಜೆ. ಅವರಿಗೆ ಕೊನೆಯ ದಿನ ಕೊಟ್ಟ ಗೃಹಪಾಠ, ರಜೆಯಲ್ಲಿ ಕೈಗೊಂಡ ಒಂದು ಚಟುವಟಿಕೆಯ ವರದಿ, ಫೋಟೋ ಸಹಿತ. ಉಳ್ಳಾಗಡ್ಡಿ ಕೀಳುವ ಕಾಲವಾದ್ದರಿಂದ ಅವರಲ್ಲಿ ಅರ್ಧಕ್ಕರ್ಧ ಮಕ್ಕಳು ಹಿಂದಿನ ವಾರವೇ ಹೊಲ ಸೇರಿದ್ದರು. ಹಾಜರಿ ಪುಸ್ತಕದಲ್ಲಿ ಅವರೆಲ್ಲರೂ ಪ್ರತಿಜ್ಞೆಗಳನ್ನು ಸ್ವೀಕರಿಸುತ್ತಿದ್ದರು. ಬಂದವರಲ್ಲಿ ಒಬ್ಬ ಹುಡುಗ ಎದ್ದು ನಿಂತು, "ಸರ್, ಉಳ್ಳಾಗಡ್ಡಿ ಕಿತ್ತಿದ್ ಫೋಟೋ ನಡೀತೈತೇನ್ರಿ?" ಎಂದ. ಸರ್ ಸುತ್ತೋಲೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿ ನೋಡಿ, "ನಡೀತೈತಿ, ಆದ್ರ ಲೊಕೇಶನ್ ಆನ್ ಮಾಡ್ಕೊಂಡು ತಗೀಬೇಕು ನೋಡಪಾ" ಎಂದರು. ಅದನ್ನು ಇಕೋ ಕ್ಲಬ್ಬಿನ ಕಡತಕ್ಕೆ ಸೇರಿಸಬೇಕೋ ವೃತ್ತಿ ಶಿಕ್ಷಣದ ಕಡತಕ್ಕೋ ಎಂಬುದನ್ನು ರಜೆ ಮುಗಿದ ಮೇಲಿನ ಮೊದಲ ಸಭೆಯಲ್ಲಿ ತೀರ್ಮಾನಿಸಲಾಗುವುದು.