ಬಿಚ್ಚಿ ಕಟ್ಟುವ ಮಂಚ

ಊರಿನ ಹಲಸಿನ ಮಂಚಕ್ಕೆ ಜನ್ಮಕ್ಕೊಂದೇ ಮನೆ. ಮದುವೆಯ ವರ್ಷ ಆಚಾರಿ ಜಗಲಿಯಲ್ಲೇ ಕೂತು ಮಾಡಿ ಒಳಗೆ ಸೇರಿಸಿದ್ದು, ಮತ್ತೆ ಹೊಸಿಲು ದಾಟುವುದು ಮನೆ ಪಾಲಾದಾಗಲೇ. ಮುಂಬಯಿ ಬಳಿಯ ಡೊಂಬಿವಲಿಯ ಮಂಚದ ಹಣೆಬರಹ ಹಾಗಲ್ಲ. 11 ತಿಂಗಳ ಲೀವ್ ಆ್ಯಂಡ್ ಲೈಸೆನ್ಸ್ ಎಂಬ ಬಾಡಿಗೆ ಕರಾರು ಮುಗಿದು ಮಾಲಕರು ಬಾಡಿಗೆ ಏರಿಸಿದರೆಂದರೆ ಅದು ಕೈಕಾಲು ಕಳಚಿಕೊಂಡು ಟೆಂಪೋ ಹತ್ತಬೇಕು. ಆರೂವರೆ ಅಡಿ ಉದ್ದ, ಐದಡಿ ಅಗಲದ ಇಡೀ ಮಂಚ ಇಲ್ಲಿನ ಲಿಫ್ಟಿಗೆ ಹಿಡಿಸುವುದಿಲ್ಲ, ಮೆಟ್ಟಿಲಿನ ತಿರುವಿನಲ್ಲಿ ಹೊರಳುವುದೂ ಇಲ್ಲ. 2020ರ ಡಿಸೆಂಬರಿನಲ್ಲಿ ನವಿ ಮುಂಬಯಿಯ ತುರ್ಭೆಯಲ್ಲಿ, ಮನೆಯಲ್ಲಿ ಜೋಡಿಸಿಕೊಳ್ಳುವ ಪೀಠೋಪಕರಣ ಮಾರುವ ಐಕಿಯಾ ಬಾಗಿಲು ತೆರೆಯುವ ಎಷ್ಟೋ ಮೊದಲೇ ಈ ಶಹರಕ್ಕೆ ಬೋಲ್ಟಿನ ಮಂಚ ಗೊತ್ತಿತ್ತು.

ಅಂಗಡಿಯಲ್ಲಿ ಎಲ್ಲರೂ ಮಾಡುವುದು ಒಂದೇ ಪರೀಕ್ಷೆ. ತಲೆ ಕಡೆಯ ಹಲಗೆಗೆ ಬೆರಳ ಗೆಣ್ಣಿನಿಂದ ಟಕ್ ಟಕ್ ಬಡಿಯುವುದು, ಆಮೇಲೆ ನಡುವೆ ಕೂತು ಎರಡು ಸಲ ಕುಪ್ಪಳಿಸುವುದು. ಎರಡರಿಂದಲೂ ತಿಳಿಯುವುದು ಅಷ್ಟಕ್ಕಷ್ಟೆ. ಇಬ್ಬರ 150 ಕಿಲೋ ಭಾರ ನೇರ ಕೆಳಗೆ ಇಳಿದರೆ ರಬ್ಬರ್ ಮರದ ಸಾಧಾರಣ ಮಂಚವೂ ಹೊರುತ್ತದೆ. ಮಂಚ ಸೋಲುವುದು ಅಡ್ಡ ಅಲುಗಾಟಕ್ಕೆ. ಕಾಲ ಬಳಿಯ ಮೂಲೆಯನ್ನು ಸೊಂಟದಿಂದ ಪಕ್ಕಕ್ಕೆ ದೂಡಿ ನೋಡಬೇಕು. ಅಂಗಡಿಯಲ್ಲೇ ತೊಯ್ದಾಡುವ ಮಂಚ ಮನೆಗೆ ಬಂದು ಬುದ್ಧಿ ಕಲಿಯುವುದಿಲ್ಲ. ಆಮೇಲೆ ತಲೆ ಕಡೆಯಿಂದ ಕಾಲ ಕಡೆಗೆ ಹೋಗುವ ಪಕ್ಕದ ಪಟ್ಟಿಯ ಎತ್ತರ ನೋಡಬೇಕು. ದಪ್ಪ ಅಷ್ಟೇ ಇದ್ದು ಎತ್ತರ 4 ಇಂಚಿನಿಂದ 6 ಇಂಚಿಗೆ ಏರಿದರೆ ಪಟ್ಟಿ ಬಾಗದೆ ನಿಲ್ಲುವ ತಾಕತ್ತು ಮೂರು ಪಟ್ಟು ದಾಟುತ್ತದೆ. ಜತೆಗೆ ಮೂಲೆಯ ಎರಡು ಬೋಲ್ಟುಗಳ ನಡುವೆ ಅಂತರವೂ ಸಿಗುತ್ತದೆ. ಶೀಶಮ್ಮೋ ಸಾಗವಾನಿಯೋ ಎಂಬ ಚರ್ಚೆ ಇದಾದ ಮೇಲೆ.

ಜೀವ ಇರುವುದು ಮೂಲೆಯಲ್ಲಿ. ಒಳ್ಳೆಯ ಮಂಚದ ಪಟ್ಟಿಯ ತುದಿಯಲ್ಲಿ 8 ಮಿಲಿಮೀಟರಿನ ಎರಡು ಮರದ ಗೂಟಗಳಿರುತ್ತವೆ. ಪಟ್ಟಿ ತಿರುಚಿಕೊಳ್ಳದಂತೆ ತಡೆಯುವುದು ಅವುಗಳ ಕೆಲಸ. ಬಿಗಿಯುವುದು ಎಂ6, ಅಂದರೆ 6 ಮಿಲಿಮೀಟರ್ ದಪ್ಪದ, ಬೋಲ್ಟು. ಅದು ಕಾಲನ್ನು ತೂರಿ ಪಟ್ಟಿಯ ಒಳಗಿರುವ ಬ್ಯಾರೆಲ್ ನಟ್ಟನ್ನು ಹಿಡಿಯುತ್ತದೆ. ಈ ನಟ್ಟು ಪೆನ್ಸಿಲ್ ತುಂಡಿನಂಥ ಒಂದು ಉರುಟು ಕಬ್ಬಿಣ, ನಡುವೆ ಅಡ್ಡ ತೂತು, ತಲೆಯ ಮೇಲೊಂದು ಗೀರು. ಗೀರಿಗೆ ಸ್ಕ್ರೂಡ್ರೈವರ್ ಕೊಟ್ಟು ಅಡ್ಡ ತೂತನ್ನು ಬೋಲ್ಟಿನ ದಾರಿಗೆ ಸರಿಯಾಗಿ ತಿರುಗಿಸದಿದ್ದರೆ ಬೋಲ್ಟು ಓರೆಯಾಗಿ ಕಚ್ಚಿ ಅದರ ಮೈಮೇಲಿನ ಸುರುಳಿ ಗೀರು ಸವೆಯುತ್ತದೆ. ಹಾಗಾಗಿ ಮೊದಲ ಮೂರು ಸುತ್ತು ಬರಿಗೈಯಲ್ಲಿ. ಕೈಗೆ ಬಗ್ಗದ್ದು ಆಲನ್ ಕೀಗೆ (ಬೋಲ್ಟು ತಿರುಗಿಸುವ ಬಾಗಿದ ಕೀಲಿಗೆ) ಬಗ್ಗಿದರೂ ಅದು ಬಗ್ಗಿದ್ದಲ್ಲ, ಕೆಟ್ಟದ್ದು. ಬೋಲ್ಟಿನ ತಲೆಯಡಿ ವಾಷರ್ ಮರೆತರೆ ತಲೆ ಮೆತ್ತನೆಯ ಪೈನ್ ಮರದೊಳಗೆ ಹೂತುಹೋಗುತ್ತದೆ. ಒಂದೊಂದೇ ಮೂಲೆಯನ್ನು ಪೂರ್ತಿ ಬಿಗಿದು ಮುಂದಕ್ಕೆ ಹೋಗುವುದು ಎಲ್ಲರೂ ಮಾಡುವ ತಪ್ಪು. ಹಾಗೆ ಮಾಡಿದರೆ ನಾಲ್ಕನೆಯ ಮೂಲೆ ಕೂಡುವುದೇ ಇಲ್ಲ, ಅಲ್ಲಿಂದ ಸುತ್ತಿಗೆಯ ಪ್ರವೇಶ. ನಾಲ್ಕನ್ನೂ ಸಡಿಲವಾಗಿ ಕೂಡಿಸಿ, ಟೇಪು ಹಿಡಿದು ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಅಳೆದು (ಒಳಗಿನ ಅಳತೆ 78ಕ್ಕೆ 60 ಇಂಚು ಇದ್ದರೆ ಸುಮಾರು 98.4 ಇಂಚು ಬರಬೇಕು), ಎರಡೂ ಸಮ ಆದ ಮೇಲೆ ಸುತ್ತು ಹಾಕುತ್ತ ಬಿಗಿಯಬೇಕು.

ಪಾರ್ಟಿಕಲ್ ಬೋರ್ಡಿನ, ಅಂದರೆ ಮರದ ಚೂರನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆಯ, ಮಂಚದಲ್ಲಿ ಬೋಲ್ಟಿನ ಜಾಗಕ್ಕೆ ಮಿನಿಫಿಕ್ಸ್ ಎಂಬ ತಿರುಗಿಸಿ ಬಿಗಿಯುವ ಕೊಂಡಿ ಬರುತ್ತದೆ. ಅದರ ಉರುಟು ತಲೆಯ ಬಾಣ ಅಂಚಿನ ತೂತಿನ ಕಡೆ ನೋಡುತ್ತಿರಬೇಕು, ಬಲಕ್ಕೆ ಸುಮಾರು ಅರ್ಧ ಸುತ್ತು ತಿರುಗಿ ತಾನಾಗಿ ನಿಲ್ಲಬೇಕು. ಇನ್ನೊಂಚೂರು ಇರಲಿ ಎಂದು ಒತ್ತಿದರೆ ಹಲಗೆ ಒಳಗೆ ಪುಡಿ. ಕಪಾಟಿಗೆ ಅದು ಸಾಕು, ಮಂಚಕ್ಕೆ ಸಾಲದು. ಕೆಲಸದ ಬಾಯಿ ದಿನಾ ನೆಲ ಒರೆಸುವಾಗ ತಗಲುವ ನೀರಿಗೇ ಆ ಹಲಗೆಯ ಬುಡ ನೆನೆದ ಅವಲಕ್ಕಿಯ ಹಾಗೆ ಉಬ್ಬಿಕೊಳ್ಳುತ್ತದೆ. ಒಣಗಿದರೂ ಮೊದಲಿನ ಅಳತೆಗೆ ಬರುವುದಿಲ್ಲ. ಕಿತ್ತುಬಂದ ಸ್ಕ್ರೂವನ್ನು ಅದೇ ತೂತಿಗೆ ಮತ್ತೆ ತಿರುಗಿಸುವುದು ವ್ಯರ್ಥ. ತೂತನ್ನು ದೊಡ್ಡದು ಮಾಡಿ, ಫೆವಿಕಾಲ್ ಹಚ್ಚಿದ ಗೂಟ ಬಡಿದು, ಒಂದಿಡೀ ದಿನ ಬಿಟ್ಟು, ಗೂಟದಲ್ಲೇ ಹೊಸ ತೂತು ಕೊರೆದರೆ ಸ್ವಲ್ಪ ಕಾಲ ಹಿಡಿದೀತು.

ಐದಡಿ ಅಗಲದ ಮಂಚಕ್ಕೆ ನಡುವೆ ಒಂದು ತೊಲೆ, ಅದಕ್ಕೊಂದು ಕಾಲು ಇರಲೇಬೇಕು. ಇರುತ್ತದೆ ಕೂಡ. ಆದರೆ ಹಳೆಯ ಕಟ್ಟಡದ ಟೈಲ್ಸ್ ನಡುವೆ ತಗ್ಗಿದ್ದು ಆ ಕಾಲು ನೆಲದಿಂದ 3 ಮಿಲಿಮೀಟರ್ ಮೇಲೆ ನೇತಾಡುತ್ತಿದ್ದರೆ ಅದು ಬರೀ ಅಲಂಕಾರ. ಕಾಲಿನ ಕೆಳಗೆ ಕಾಗದ ತೂರಿಸಿ ನೋಡಿದರೆ ಗುಟ್ಟು ಹೊರಬೀಳುತ್ತದೆ. ಮಡಿಸಿಟ್ಟ ರಟ್ಟು ವಾರದಲ್ಲಿ ಚಪ್ಪಟೆ. ಪ್ಲೈವುಡ್ ಚೂರೇ ಸರಿ. ಅಡ್ಡಪಟ್ಟಿಗಳ ನಡುವಿನ ಸಂದು 3 ಇಂಚು ಮೀರಬಾರದು, ಮೀರಿದರೆ ಫೋಮ್ ಹಾಸಿಗೆ ಸಂದಿನಲ್ಲಿ ಇಳಿಯುತ್ತದೆ.

ಇನ್ನು ಕಿರ್ರ್ ಸದ್ದು. ಗೋಡೆಯಾಚೆ ನೆರೆಯವರ ಮಿಕ್ಸರ್ ಕೇಳಿಸುವ ಊರಲ್ಲಿ ಇದು ಮಾನದ ಪ್ರಶ್ನೆ. ಮಳೆಗಾಲದಲ್ಲಿ ತೇವ ಕುಡಿದು ಮರ ಉಬ್ಬುತ್ತದೆ, ಅದೂ ಎಳೆಗೆ ಅಡ್ಡವಾಗಿ. ಉದ್ದಕ್ಕೆ ಬಹಳ ಕಡಿಮೆ. ಬಿಗಿದ ಬೋಲ್ಟಿನ ನಡುವೆ ಸಿಕ್ಕಿದ ಕಾಲು ಉಬ್ಬಲು ಜಾಗವಿಲ್ಲದೆ ವಾಷರಿನಡಿ ತನ್ನನ್ನೇ ಜಜ್ಜಿಕೊಳ್ಳುತ್ತದೆ. ದೀಪಾವಳಿ ಹೊತ್ತಿಗೆ ಒಣಗಿ ಕುಗ್ಗಿದಾಗ ಜಜ್ಜಿದಷ್ಟು ಜಾಗ ಖಾಲಿ, ಬೋಲ್ಟು ಸಡಿಲ. ಕಟ್ಟಿ ಒಂದು ತಿಂಗಳಾದ ಮೇಲೆ ಒಂದು ಸಲ, ಆಮೇಲೆ ಪ್ರತಿ ದೀಪಾವಳಿಗೊಮ್ಮೆ ಕೀ ತಿರುಗಿಸಿದರೆ ಅರ್ಧ ಸದ್ದು ಅಡಗುತ್ತದೆ. ಉಳಿದರ್ಧ ಅಡ್ಡಪಟ್ಟಿ ಕೂರುವ ಜಾಗದ್ದು. ಅಲ್ಲಿ ಮೇಣದ ಬತ್ತಿ ಉಜ್ಜಿದರೆ ಆಯಿತು. ಎಣ್ಣೆ ಬೇಡ, ಮರ ಅದನ್ನು ಕುಡಿದು ಧೂಳು ಕಟ್ಟಿಕೊಳ್ಳುತ್ತದೆ. ಬೋಲ್ಟು ಬಿಗಿಯಲು ಗೋಡೆಗಂಟಿದ ಮಂಚವನ್ನು ಎಳೆಯುವಾಗಲೇ ಅದು ಮುರಿಯುವುದೂ ಉಂಟು. ಟೈಲ್ಸ್ ಸಂದಿಗೆ ಸಿಕ್ಕಿದ ಕಾಲು ಸನ್ನೆಗೋಲಾಗುತ್ತದೆ: 12 ಇಂಚು ಕೆಳಗೆ 20 ಕಿಲೋ ತಡೆದರೆ, 3 ಇಂಚಿನ ಅಂತರದ ಬೋಲ್ಟುಗಳ ಮೇಲೆ 80 ಕಿಲೋ ಸೆಳೆತ. ಇಬ್ಬರು ಎರಡು ಕಡೆ ಎತ್ತಿ ಸರಿಸಬೇಕು.

ಬಿಚ್ಚುವ ಮೊದಲು ಗುರುತು. 'ಎಡ' ಎಂದು ಬರೆದರೆ ಮಲಗಿದವರ ಎಡವೋ, ಕಾಲ ಬಳಿ ನಿಂತವರ ಎಡವೋ? ಎರಡೂ ತದ್ವಿರುದ್ಧ. 'ಕಿಟಕಿ ಕಡೆ' ಎಂದರೆ ಹೊಸ ಮನೆಯ ಕಿಟಕಿ ಎಲ್ಲಿದೆಯೋ. ಕೂಡುವ ಎರಡೂ ತುಂಡಿನ ಒಳಮೈಗೆ ಒಂದೇ ಅಂಕಿ ಹಾಕುವುದು ವಾಸಿ, ಅದೂ ಇಂಗ್ಲಿಷ್ ಅಂಕಿ. ಕನ್ನಡದ ೧ ನೋಡಿ ಟೆಂಪೋದ ಹುಡುಗ ಸೊನ್ನೆ ಎಂದುಕೊಂಡಾನು. ಬೋಲ್ಟು, ವಾಷರ್, ನಟ್ಟು ಎಲ್ಲ ಒಂದು ಚೀಲಕ್ಕೆ ಹಾಕಿ, ಚೀಲವನ್ನು ಪಟ್ಟಿಗೇ ಟೇಪಿನಿಂದ ಅಂಟಿಸಬೇಕು. ಆಲನ್ ಕೀ ಮಾತ್ರ ಆ ಚೀಲಕ್ಕೂ ಬೇಡ, ಪಾತ್ರೆಯ ಡಬ್ಬಕ್ಕೂ ಬೇಡ. ಟೆಂಪೋದಲ್ಲಿ ಡ್ರೈವರನ ಪಕ್ಕ ಕೂರುವವರ ಜೇಬಿನಲ್ಲಿರಲಿ.