ಸತ್ಯಾಂಶ: ‘ಸಾಮಾನ್ಯ’ ಸ್ಥಾನದಲ್ಲಿ ಮಹಿಳೆಯರೂ ಸ್ಪರ್ಧಿಸಬಹುದು

ಗ್ರಾಮ ಪಂಚಾಯಿತಿ ಚುನಾವಣೆಯ ಮಾತು ಬಂದಾಗಲೆಲ್ಲ ಸೋಮವಾರಪೇಟೆಯಿಂದ ಪೊನ್ನಂಪೇಟೆಯವರೆಗೂ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಸಂದೇಶ ಸುತ್ತಾಡುತ್ತದೆ: ‘ಅರ್ಧ ಸ್ಥಾನ ಮಹಿಳೆಯರಿಗೆ ಮೀಸಲು, ಉಳಿದರ್ಧ ಪುರುಷರದ್ದು, ಅಲ್ಲಿ ಮಹಿಳೆಯರು ನಿಲ್ಲುವಂತಿಲ್ಲ.’ ಇದು ತಪ್ಪು.

ಸಂವಿಧಾನದಲ್ಲಾಗಲಿ, ರಾಜ್ಯದ 1993ರ ಪಂಚಾಯತ್ ರಾಜ್ ಕಾಯ್ದೆಯಲ್ಲಾಗಲಿ ಪುರುಷರಿಗೆಂದು ಮೀಸಲಿಟ್ಟ ಒಂದು ಸ್ಥಾನವೂ ಇಲ್ಲ. 73ನೇ ತಿದ್ದುಪಡಿಯಿಂದ ಬಂದ 243ಡಿ ವಿಧಿಯು ಮಹಿಳೆಯರಿಗೆ ಕನಿಷ್ಠ ಮೂರನೇ ಒಂದು ಭಾಗವನ್ನು ಕಾಯ್ದಿರಿಸುತ್ತದೆ. ಕರ್ನಾಟಕವು ಆ ಪ್ರಮಾಣವನ್ನು ಅರ್ಧದಷ್ಟಕ್ಕೆ ಏರಿಸಿದೆ. ಮೀಸಲಾತಿ ಪಟ್ಟಿಯಲ್ಲಿ ಒಂದು ಸ್ಥಾನದ ಮುಂದೆ ‘ಸಾಮಾನ್ಯ (ಮಹಿಳೆ)’ ಎಂದಿದ್ದರೆ ಅದು ಮಹಿಳೆಯರಿಗಷ್ಟೇ. ಬರಿದೇ ‘ಸಾಮಾನ್ಯ’ ಎಂದಿದ್ದರೆ, 21 ವರ್ಷ ತುಂಬಿ, ಮತದಾರರ ಪಟ್ಟಿಯಲ್ಲಿ ಹೆಸರಿದ್ದು, ಕಾಯ್ದೆ ಹೇಳುವ ಬೇರೆ ಅನರ್ಹತೆ ಇಲ್ಲದ ಯಾರೇ ಆಗಲಿ, ಮಹಿಳೆಯಾಗಲಿ ಪುರುಷರಾಗಲಿ, ನಾಮಪತ್ರ ಸಲ್ಲಿಸಬಹುದು. ಮಹಿಳೆ ಎಂಬ ಕಾರಣಕ್ಕೆ ಅದನ್ನು ತಿರಸ್ಕರಿಸಲು ಚುನಾವಣಾಧಿಕಾರಿಗೆ ಅಧಿಕಾರವಿಲ್ಲ. (ಈ ಸಂದೇಶದಿಂದ ಲಾಭವಾಗುವುದು ಎದುರಾಳಿಗಳು ಕಡಿಮೆಯಾಗಲೆಂದು ಬಯಸುವವರಿಗೆ ಮಾತ್ರ.)

ಸಾಮಾನ್ಯ ಸ್ಥಾನದಲ್ಲಿ ಮಹಿಳೆ ಗೆದ್ದರೆ ಮೀಸಲು ಸ್ಥಾನಗಳ ಸಂಖ್ಯೆ ಅದರಿಂದ ಇಳಿಯುವುದಿಲ್ಲ. ಆದ್ದರಿಂದಲೇ ಒಂದು ಪಂಚಾಯಿತಿಯಲ್ಲಿ ಮಹಿಳಾ ಸದಸ್ಯರು ಅರ್ಧಕ್ಕಿಂತ ಹೆಚ್ಚಾಗುವುದಕ್ಕೆ ಕಾನೂನಿನ ಅಡ್ಡಿಯಿಲ್ಲ. ಅಧ್ಯಕ್ಷ ಸ್ಥಾನಕ್ಕೂ ಇದೇ ನಿಯಮ: ಸರದಿಯಂತೆ ಅದು ‘ಸಾಮಾನ್ಯ’ಕ್ಕೆ ಬಂದ ಅವಧಿಯಲ್ಲಿಯೂ ಮಹಿಳಾ ಸದಸ್ಯರು ಸ್ಪರ್ಧಿಸಬಹುದು.